ಏಣಿ ಕೇಳದ ದಿನ

ಜನವರಿ 9, ಗುರುವಾರ

ಸ್ಟೇಷನರಿ ಅಂಗಡಿಯಲ್ಲಿ ಈ ದಿನಚರಿ ಕೊಂಡೆ. ವರ್ಷ ಶುರುವಾಗಿ ಒಂಬತ್ತು ದಿನ ಆಗಿದೆಯೆಂದು ಅಂಗಡಿಯವನೇ ಬೆಲೆ ಇಳಿಸಿದ. ಆಗಿಹೋದ ದಿನಗಳ ಹಾಳೆ ಹಾಗೇ ಖಾಲಿ ಇರಲಿ.

ಬರೆಯುವುದು ಯಾಕೆಂದರೆ, ತನಿಖೆಯಲ್ಲಿ ನನಗೆ ಒಂದೂ ನೆನಪಾಗಲಿಲ್ಲ. ಪರಿಶೀಲನೆಗೆ ಹೋದದ್ದು ಯಾವ ದಿನ, ಎಷ್ಟು ಗಂಟೆಗೆ, ಯಾವ ಬಸ್ಸಿಗೆ, ಜೊತೆಯಲ್ಲಿ ಯಾರಿದ್ದರು? ನಾನು ಬಾಯಿ ಬಿಡುವ ಮೊದಲೇ ತನಿಖಾಧಿಕಾರಿ ಕಡತ ತಿರುವಿ ಅವರೇ ಉತ್ತರ ಬರೆದುಕೊಂಡರು. ಸಹಿ ಹಾಕಿ ಎಂದರು. ಹಾಕಿದೆ.

ಆದೇಶ ಮೊನ್ನೆ ಬಂತು. 'ಸಹಾಯಕ ಇಂಜಿನಿಯರ್ ಅವರ ಕಡೆಯಿಂದ ಯಾವುದೇ ಲೋಪ ಕಂಡುಬಂದಿರುವುದಿಲ್ಲ.' ಸಾಹೇಬರು ಇಡೀ ವಿಭಾಗಕ್ಕೆ ಟೀ ಕೊಡಿಸಿದರು. ನಾನೂ ಕುಡಿದೆ.

ಇನ್ನು ಮುಂದೆ ಯಾರಾದರೂ ಕೇಳಿದರೆ ಇದರಲ್ಲಿ ಇರುತ್ತದೆ. ಆದದ್ದನ್ನಷ್ಟೇ ಬರೆಯುವುದು. ಮೊದಲು ಆ ವಿಷಯ ಒಂದು ಸಲ: ಹೋದ ಜೂನ್‌ನಲ್ಲಿ ಒಂದು ಹಳ್ಳಿಯ ಸಮುದಾಯ ಭವನದ ಬೀಮಿನ ತುಂಡು ಫಾಲ್ಸ್ ಸೀಲಿಂಗ್ ಸಮೇತ ಕೆಳಗೆ ಬಿತ್ತು. ಸಂಜೆಯ ಸಭೆಗೆಂದು ಮೈಕ್‌ಸೆಟ್‌ನವನು ಒಬ್ಬನೇ ವೈರು ಎಳೆಯುತ್ತಿದ್ದ. ಸತ್ತ. ಅದಕ್ಕೆ ಎರಡು ತಿಂಗಳ ಮೊದಲು ಆ ಭವನವನ್ನು ನಿರ್ವಹಣಾ ಅನುದಾನಕ್ಕಾಗಿ ನೋಡಿದವಳು ನಾನು. ನೆಲಕ್ಕೆ ಟೈಲ್ಸ್, ಗೋಡೆಗೆ ಬಣ್ಣ ಎಂದು ಶಿಫಾರಸು ಮಾಡಿದ್ದೆ.

ಮನೆಗೆ 6.10.

ಜನವರಿ 10, ಶುಕ್ರವಾರ

ಕಚೇರಿ 10.20. ಮನೆ 5.40. ವಿಶೇಷ ಇಲ್ಲ.

ಜನವರಿ 21, ಮಂಗಳವಾರ

ಸಾಹೇಬರು ಕರೆದರು. ಹನ್ನೊಂದು ಭವನಗಳ ಪಟ್ಟಿ. ಎಲ್ಲಕ್ಕೂ ನಿರ್ವಹಣಾ ಅನುದಾನ ಬಂದಿದೆ, ಮಾರ್ಚ್ ಮೂವತ್ತೊಂದರೊಳಗೆ ಕೆಲಸ ಶುರುವಾಗದಿದ್ದರೆ ವಾಪಸ್ ಹೋಗುತ್ತದೆ. ಪರಿಶೀಲನೆ ನನ್ನದು. ನಾನು ಪಟ್ಟಿ ಹಿಡಿದುಕೊಂಡು ನಿಂತಿದ್ದನ್ನು ನೋಡಿ ಅವರು ದನಿ ತಗ್ಗಿಸಿದರು. ಹೋಗಲೇಬೇಕು ಅಂತೇನಿಲ್ಲ, ಸಮಿತಿಯವರಿಗೆ ಫೋಟೋ ತೆಗೆದು ಕಳಿಸಲು ಹೇಳಿ, ಕೂತಲ್ಲೇ ಬರೆಯಿರಿ ಎಂದರು. ಒಳ್ಳೆಯ ಮನುಷ್ಯ. ಸರಿ ಎಂದೆ.

ನಮೂನೆಯಲ್ಲಿ ಹದಿನಾಲ್ಕು ಪ್ರಶ್ನೆ. ಕೊನೆಯದು ಷರಾ. ಅಲ್ಲಿ ಸಾಮಾನ್ಯವಾಗಿ ಒಂದು ಅಡ್ಡಗೆರೆ ಎಳೆಯುತ್ತೇವೆ.

ಜನವರಿ 28, ಮಂಗಳವಾರ

ಊಟಕ್ಕೆ ಕೂತಾಗ ಅತ್ತೆ ತಟ್ಟೆ ಎಳೆದುಕೊಂಡರು. ಸಾರಿಗೆ ಉಪ್ಪು ಹಾಕದೆ ಮೂರು ದಿನ ಆಗಿದೆಯಂತೆ. ನನ್ನ ಪಾಲನ್ನು ಮಾತ್ರ ಬೇರೆ ತೆಗೆದಿಟ್ಟು ಪರೀಕ್ಷೆ ಮಾಡುತ್ತಿದ್ದರಂತೆ.

"ಗೋಡೆಗೆ ಬಡಿಸಿದ್ರೆ ಗೋಡೇನಾದ್ರೂ ಸಪ್ಪೆ ಅಂತಿತ್ತು" ಎಂದರು.

ನಮ್ಮ ಯಜಮಾನರು ಲಾರಿಯ ಜೊತೆ ಹೋಗಿ ಎಂಟು ದಿನ. ಫೋನಿನಲ್ಲಿ ಚೆನ್ನಾಗಿದ್ದೀಯಾ ಎಂದರು. ಚೆನ್ನಾಗಿದ್ದೇನೆ ಎಂದೆ.

ಫೋಟೋಗಳಿಂದ ಆರು ನಮೂನೆ ಮುಗಿದವು.

ಫೆಬ್ರವರಿ 4, ಮಂಗಳವಾರ

ಏಳನೆಯದು ನಾಲೆ ಪಕ್ಕದ ಹಳ್ಳಿಯ ಭವನ. ಭವನ ಸಮಿತಿಯವರು ಕಳಿಸಿದ ಫೋಟೋಗಳಲ್ಲಿ ಅವರ ಅಧ್ಯಕ್ಷರೇ ತುಂಬಿಕೊಂಡಿದ್ದರು. ಬಾಗಿಲ ಮುಂದೆ ಅಧ್ಯಕ್ಷರು, ವೇದಿಕೆಯ ಮೇಲೆ ಅಧ್ಯಕ್ಷರು, ಕಿಟಕಿಯ ಪಕ್ಕ ಅಧ್ಯಕ್ಷರು. ಕಟ್ಟಡ ಕಾಣುತ್ತಿರಲಿಲ್ಲ. ಆದ್ದರಿಂದ ಹೋದೆ. 9.15ರ ಬಸ್ಸು, ಮುಕ್ಕಾಲು ಗಂಟೆ.

ಅಧ್ಯಕ್ಷರು ನಿವೃತ್ತ ಪೋಸ್ಟ್‌ಮನ್. ಬಸ್ಸಿನ ಹತ್ತಿರವೇ ಕಾದಿದ್ದರು. ಭವನ ಇಪ್ಪತ್ತೆಂಟು ವರ್ಷದ್ದು. ಹಾಲ್ ಹದಿನೆಂಟು ಮೀಟರ್ ಉದ್ದ, ಒಂಬತ್ತು ಅಗಲ. ಮುಂದೆ ಜಗಲಿ, ಹಿಂದೆ ಅಡುಗೆ ಕೋಣೆ. ಒಂದು ಮೂಲೆಯಲ್ಲಿ ಎಂಟು ಹೊಲಿಗೆ ಯಂತ್ರ. ಟೈಲರಮ್ಮ ಎಂದು ಎಲ್ಲರೂ ಕರೆಯುವ ಹೆಂಗಸು ಅಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾರೆ. ನಲವತ್ತರ ಮೇಲಿನ ವಯಸ್ಸು. ಮಾತಿಲ್ಲ. ನಾನು ಬಂದಾಗ ತಲೆ ಎತ್ತಿ ನೋಡಿದರು, ಮತ್ತೆ ಬಗ್ಗಿದರು.

ಅಧ್ಯಕ್ಷರಿಗೆ ಬೇಕಾದದ್ದು ಬಣ್ಣ, ವೇದಿಕೆಗೆ ಟೈಲ್ಸ್, ಭವನದ ಹೆಸರು ಬರೆಸಿದ ಕಮಾನು. ಮಾರ್ಚ್ ಎರಡನೇ ವಾರ ಅವರ ಮಗಳ ಮದುವೆ ಇಲ್ಲೇ. ಟೈಲರಮ್ಮನಿಗೆ ಏನು ಬೇಕು ಎಂದು ಕೇಳಿದೆ. ಪಾಯಿಖಾನೆಗೆ ಚಿಲಕ ಎಂದರು.

ಒಳಗೆ ಫಾಲ್ಸ್ ಸೀಲಿಂಗ್. ವೇದಿಕೆಯ ಹತ್ತಿರ ಎರಡು ಹಲಗೆಗಳ ಮೇಲೆ ಕಂದು ಕಲೆ, ಒಂದು ಸ್ವಲ್ಪ ಜಗ್ಗಿದೆ. ಏಣಿ ಇದೆಯಾ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ, ನಮೂನೆಯಲ್ಲಿ ಆ ಪ್ರಶ್ನೆ ಇಲ್ಲ. ಅಧ್ಯಕ್ಷರು ಏಣಿ ಬಣ್ಣದವನ ಮನೆಯಲ್ಲಿದೆ, ಅವನು ಊರಲ್ಲಿಲ್ಲ ಎಂದರು. ಇಲಿ ಕಾಟ ಮೇಡಂ, ಅದರ ಕಲೆ ಎಂದರು. ಹಾಗಾದರೆ ಮತ್ತೊಂದು ದಿನ ಬರುತ್ತೇನೆ ಎಂದೆ. ಹೊಲಿಗೆ ಯಂತ್ರದ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಮನೆಗೆ 3.30.

ಫೆಬ್ರವರಿ 13, ಗುರುವಾರ

ಅದೇ ಬಸ್ಸು. ಅಧ್ಯಕ್ಷರು ಅಳಿಯನಾಗುವವನ ಮನೆಗೆ ಹೋಗಿದ್ದರು. ಬೀಗದ ಕೈ ಟೈಲರಮ್ಮನ ಹತ್ತಿರ ಕೊಟ್ಟಿದ್ದರು. ಹುಡುಗಿಯರು ಊಟಕ್ಕೆ ಹೋಗಿದ್ದರು. ಏಣಿ ಗೋಡೆಗೆ ಒರಗಿಸಿತ್ತು, ಬಿದಿರಿನದು, ಹನ್ನೆರಡು ಮೆಟ್ಟಿಲು.

ನಾನು ಎರಡು ಮೆಟ್ಟಿಲು ಹತ್ತಿದೆ. ಮೂರನೆಯದಕ್ಕೆ ಕಾಲು ಎತ್ತಲಿಲ್ಲ. ಇಳಿದೆ. ಏಣಿ ಯೋಗ್ಯವಾಗಿಲ್ಲ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೆ. ಏಣಿ ಗಟ್ಟಿಯಾಗಿಯೇ ಇತ್ತು.

ಆಗ ಟೈಲರಮ್ಮ ಕೂತಲ್ಲಿಂದಲೇ ಮಾತಾಡಿದರು. ಮೈಕ್‌ಸೆಟ್‌ನವನು ಅವರ ತಮ್ಮನಂತೆ. ಒಬ್ಬನೇ ತಮ್ಮ. ಅವರನ್ನು ಈ ಊರಿಗೆ ಕೊಟ್ಟಿತ್ತು, ಅವನು ತವರೂರಿನಲ್ಲೇ ಉಳಿದಿದ್ದ. ನನ್ನನ್ನು ತನಿಖೆಯ ದಿನ ಕಚೇರಿಯ ವರಾಂಡದಲ್ಲಿ ನೋಡಿದ್ದರಂತೆ. ಅವರನ್ನು ಒಳಗೆ ಕರೆಯಲಿಲ್ಲ. ಸಂಜೆಯವರೆಗೆ ಕೂತು ಎದ್ದು ಬಂದರಂತೆ.

ಇದನ್ನೆಲ್ಲ ಬೇರೆ ಯಾರದೋ ವಿಷಯ ಅನ್ನುವ ಹಾಗೆ ಹೇಳಿದರು. ನಾನೂ ಹಾಗೇ ಕೇಳಿಸಿಕೊಂಡೆ.

"ನಾನು ನಿಮ್ಮನ್ನ ಏನೂ ಕೇಳಬಾರದು ಅಂದ್ಕೊಂಡಿದ್ದೆ" ಎಂದರು. "ಮೊನ್ನೆ ನೀವು ಇಲ್ಲಿ ಏಣಿ ಕೇಳಿದ್ರಿ. ಅದಕ್ಕೇ ಕೇಳ್ತೀನಿ. ಅವತ್ತು ಅಲ್ಲೂ ಏಣಿ ಕೇಳಿದ್ರಾ?"

ತನಿಖೆಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಇಲ್ಲ" ಎಂದೆ. "ಕೇಳಲಿಲ್ಲ."

ಅವರು ಯಂತ್ರದ ಮೇಲೆ ಬಗ್ಗಿದರು. ಅರ್ಧಕ್ಕೆ ನಿಂತಿದ್ದ ಹೊಲಿಗೆಯನ್ನು ಕೊನೆಯವರೆಗೆ ಹೊಲಿದರು. ದಾರ ಕತ್ತರಿಸಿದರು. ಬಟ್ಟೆ ಮಡಿಸಿಟ್ಟರು. ನಾನು ಬ್ಯಾಗ್ ತೆಗೆದುಕೊಂಡು ಹೊರಡುವುದೋ ನಿಲ್ಲುವುದೋ ತಿಳಿಯದೆ ನಿಂತಿದ್ದೆ. ಆಮೇಲೆ ಅವರು ಎದ್ದು ಬಂದು ಏಣಿಯ ಎರಡು ಬದಿಯನ್ನೂ ಹಿಡಿದುಕೊಂಡರು.

"ಹತ್ತಿ. ಹಿಡ್ಕೊಂಡಿದ್ದೀನಿ."

ಹತ್ತಿದೆ. ಹಲಗೆ ಮೇಲಕ್ಕೆ ತಳ್ಳಿದರೆ ಸರಿಯಲಿಲ್ಲ, ಅದರ ಮೇಲೆ ಭಾರ ಇತ್ತು. ಪಕ್ಕದ್ದನ್ನು ತೆಗೆದು ಟಾರ್ಚ್ ಬಿಟ್ಟೆ. ಜಗ್ಗಿದ ಹಲಗೆಯ ಮೇಲೆ ಎರಡು ಇಟ್ಟಿಗೆಯಷ್ಟು ದೊಡ್ಡ ಕಾಂಕ್ರೀಟಿನ ತುಂಡು ಕೂತಿತ್ತು. ಬೀಮಿನ ಕೆಳಮುಖ ಪೂರ್ತಿ ಉದುರಿದೆ. ಮೂರು ಕಂಬಿ ಬರಿಗಣ್ಣಿಗೆ ಕಾಣುತ್ತದೆ. ನನ್ನ ಮನೆಯ ಬೀಗದ ಕೈಯಿಂದ ಕೆರೆದರೆ ತುಕ್ಕು ಹಾಳೆ ಹಾಳೆಯಾಗಿ ಎದ್ದು ಬಂತು. ಬಿರುಕು ಕಂಬದ ಕಡೆಗೆ ಓಡಿದೆ, ಬೆರಳ ತುದಿ ಹೋಗುವಷ್ಟು. ಹನ್ನೊಂದು ಫೋಟೋ ತೆಗೆದೆ.

ಕೆಳಗಿಳಿದು ಕಂಡದ್ದನ್ನು ಹೇಳಿದೆ. ಇವತ್ತಿನಿಂದ ಯಂತ್ರ ಇಲ್ಲಿ ಇಡಬೇಡಿ ಎಂದೆ. ಎಲ್ಲಿ ಇಡಲಿ ಎಂದರು. ಇಬ್ಬರೂ ಸೇರಿ ಎಂಟನ್ನೂ ಜಗಲಿಗೆ ಎಳೆದೆವು. ಒಂದೊಂದೂ ಹೆಣಭಾರ.

ಬಸ್ಸು ಯಾವುದು, ಎಷ್ಟು ಗಂಟೆಗೆ ಬಂದೆ ನೋಡಲಿಲ್ಲ.

ಫೆಬ್ರವರಿ 14, ಶುಕ್ರವಾರ

ರಜೆ ಹಾಕಿದೆ.

ನೆನಪಾಗಲಿಲ್ಲ ಎಂದು ಮೊದಲ ಪುಟದಲ್ಲಿ ಬರೆದದ್ದು ನಿಜವಲ್ಲ. ಆ ಭವನದಲ್ಲೂ ಕಲೆ ಇತ್ತು. ನೋಡಿದೆ. ಮೇಲೆ ಏನಾಗಿದೆ ಎಂದು ಕೇಳಿದೆ. ಸಮಿತಿಯವನು ಏಣಿ ತರಿಸಲಾ ಮೇಡಂ ಎಂದ. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಇರಲಿ ಬಿಡಿ ಎಂದೆ.

ಅಷ್ಟೇ. ಏಣಿ ತರಿಸಲಾ ಎಂದು ಅವನೇ ಕೇಳಿದ್ದ.

ಫೆಬ್ರವರಿ 18, ಮಂಗಳವಾರ

ನಾಲೆ ಪಕ್ಕದ ಭವನ ಬಳಕೆಗೆ ಯೋಗ್ಯವಲ್ಲ, ಮುಚ್ಚಬೇಕು ಎಂದು ವರದಿ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರು ಸಾಹೇಬರ ಕೋಣೆಯಲ್ಲಿದ್ದರು. ನನ್ನನ್ನೂ ಕರೆಸಿದರು.

ಸಾಹೇಬರು ವಿವರಿಸಿದ್ದು ಹೀಗೆ. ನಿರ್ವಹಣಾ ಅನುದಾನದಲ್ಲಿ ಬೀಮು ಸರಿಪಡಿಸಲು ಬರುವುದಿಲ್ಲ. ಅದು ಬೇರೆ ಪಟ್ಟಿ, ಸರದಿ ಬರಲು ಎರಡು ವರ್ಷವಾದರೂ ಬೇಕು. ನಾನು ಹೀಗೆ ಬರೆದರೆ ಈ ಅನುದಾನವೂ ಹೋಗುತ್ತದೆ, ಅದೂ ಸಿಗುವುದಿಲ್ಲ, ಊರಿಗೆ ಇರುವ ಒಂದು ಭವನಕ್ಕೆ ಬೀಗ ಬೀಳುತ್ತದೆ. ಈ ವರ್ಷ ಬಣ್ಣ ಎಂದು ಬರೆಯಿರಿ, ಏಪ್ರಿಲ್‌ನಲ್ಲಿ ನಾನೇ ಬೀಮಿನ ಕಡತ ತೆರೆಸುತ್ತೇನೆ ಎಂದರು. ಅವರು ಸುಳ್ಳು ಹೇಳುವವರಲ್ಲ. ತೆರೆಸುತ್ತಿದ್ದರು.

ಅಧ್ಯಕ್ಷರು ಕೂಗಾಡಲಿಲ್ಲ. "ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿದೋನು ನಾನು" ಎಂದರು. "ಒಂದು ಕಾಗದ ಒಂದು ಮನೇನ ಏನು ಮಾಡುತ್ತೆ ಅಂತ ನಂಗೊತ್ತು ಮೇಡಂ. ಹನ್ನೆರಡು ಊರಿಗೆ ಕರೆಯೋಲೆ ಹೋಗಿದೆ. ಇಪ್ಪತ್ತೆಂಟು ವರ್ಷ ಬೀಳದ್ದು ಈ ತಿಂಗಳು ಬೀಳುತ್ತಾ?"

ಬೀಳದೇ ಇರಬಹುದು ಎಂದೆ. ನನಗೆ ನಿಜವಾಗಿ ಗೊತ್ತಿಲ್ಲ.

"ಮತ್ತೆ?"

ವರದಿ ಬದಲಿಸಲು ಬರುವುದಿಲ್ಲ ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಬೇರೆ ಮಾತು ಬಾಯಿಗೆ ಬರಲಿಲ್ಲ, ಅದಕ್ಕೇ ಹೇಳಿದೆ.

ಫೆಬ್ರವರಿ 24, ಸೋಮವಾರ

ಭವನಕ್ಕೆ ಬೀಗ ಹಾಕಿ ಮೊಹರು ಮಾಡಿದೆವು. ಊರಿನವರು ಇಪ್ಪತ್ತು ಮೂವತ್ತು ಜನ ಸುಮ್ಮನೆ ನಿಂತು ನೋಡಿದರು. ಒಬ್ಬ ಮುದುಕ ಮಾತ್ರ ಅಲ್ಲಿ ಮನುಷ್ಯ ಸತ್ತಾಗ ಇವರಿಗೆ ಕಣ್ಣಿರಲಿಲ್ಲ, ಇಲ್ಲಿ ಮದುವೆ ಅಂದಾಗ ಕಣ್ಣು ಬಂತು ಎಂದ. ಟೈಲರಮ್ಮನೂ ಅಲ್ಲಿದ್ದರು. ಅವರು ನನ್ನ ಪರವಾಗಿ ಏನೂ ಹೇಳಲಿಲ್ಲ. ಹೇಳಲಿ ಎಂದು ನಾನೂ ಕಾಯಲಿಲ್ಲ ಅಂದುಕೊಳ್ಳುತ್ತೇನೆ.

ಯಂತ್ರಗಳಲ್ಲಿ ನಾಲ್ಕು ಅವರ ಮನೆಯ ಮುಂದಿನ ಕೋಣೆಗೆ ಹೋಗಿವೆ. ಉಳಿದ ನಾಲ್ಕಕ್ಕೆ ಜಾಗ ಇಲ್ಲ. ಎಂಟು ಹುಡುಗಿಯರಲ್ಲಿ ನಾಲ್ವರನ್ನು ಬರಬೇಡಿ ಎಂದು ಕಳಿಸಿದ್ದಾರೆ.

ಫೆಬ್ರವರಿ 26, ಬುಧವಾರ

ಜಗಲಿಯ ಚಾವಣಿ ಹಾಲ್‌ನಿಂದ ಬೇರೆ. ಅದಕ್ಕೆ ತನ್ನದೇ ನಾಲ್ಕು ಕಂಬ. ಇದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಹೊಳೆಯಿತು, ಅದೂ ಬೇರೆ ಊರಿಗೆ ಹೋಗುವ ಬಸ್ಸು. ಇಳಿದು ಎದುರು ಬಸ್ಸು ಹಿಡಿದೆ. ಕಂಡಕ್ಟರ್ ಏನಾದರೂ ಮರೆತು ಬಂದ್ರಾ ಅಕ್ಕ ಎಂದ. ಹೌದು ಎಂದೆ.

ಸುತ್ತಿಗೆಯಿಂದ ಜಗಲಿಯ ಚಾವಣಿಯ ಒಂದೊಂದು ಅಡಿಯನ್ನೂ ತಟ್ಟಿ ಕೇಳಿದೆ. ಗಟ್ಟಿ ಸದ್ದು. ಕಂಬಗಳೂ ಸರಿ ಇವೆ. ಷರಾ ಕಾಲಂನಲ್ಲಿ ಬರೆದೆ: 'ಜಗಲಿ ಸುರಕ್ಷಿತ. ಹೊಲಿಗೆ ತರಗತಿಗೆ ಬಳಸಬಹುದು. ಹಾಲ್‌ನ ಬಾಗಿಲು ತೆರೆಯಕೂಡದು.' ಕಾಲಂ ಸಾಲದೆ ಅಂಚಿಗೂ ಹೋಯಿತು.

ಪಟ್ಟಿಯ ಕೊನೆಯ ನಾಲ್ಕನ್ನು ಹೋಗಿಯೇ ನೋಡಿದ್ದಾಗಿದೆ, ಇನ್ನು ಫೋಟೋದಿಂದ ಮುಗಿಸಿದ ಆರು ಭವನಗಳಿಗೂ ಹೋಗಬೇಕು. ದಿನಕ್ಕೆ ಒಂದು.

ಮಾರ್ಚ್ 7, ಶುಕ್ರವಾರ

ಆರೂ ಮುಗಿದವು. ನಾಲ್ಕು ಸರಿ ಇವೆ. ಒಂದರ ನೀರಿನ ಟ್ಯಾಂಕ್ ಬಾಗಿದೆ, ಕೆಳಗಿಳಿಸಿದೆ. ಇನ್ನೊಂದರ ಚಾವಣಿಯಲ್ಲಿ ಜೇನು ಕಟ್ಟಿತ್ತು, ಏಣಿಯ ಅರ್ಧದಿಂದ ಹಾರಿದ್ದಕ್ಕೆ ಕಾಲು ಉಳುಕಿದೆ. ಅತ್ತೆ ಎಣ್ಣೆ ಹಚ್ಚಿ ತಿಕ್ಕುತ್ತಾ, "ಈ ವಯಸ್ಸಲ್ಲಿ ಏಣಿ ಹತ್ತೋದು ನೋಡಿದ್ರೆ ನನ್ನ ಮಗನ್ನ ಬಿಟ್ಟು ಸರ್ಕಸ್ ಸೇರೋ ಯೋಚನೆ ಇದ್ದ ಹಾಗಿದೆ" ಎಂದರು. ನೋವಾಗುತ್ತದೆ, ಮೆಲ್ಲಗೆ ಎಂದೆ. ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಯಾಕೆಂದು ತಿಳಿಯಲಿಲ್ಲ.

ಮಾರ್ಚ್ 12, ಬುಧವಾರ

ಅಧ್ಯಕ್ಷರ ಮಗಳ ಮದುವೆ ಹೊಲದಲ್ಲಿ ಶಾಮಿಯಾನ ಹಾಕಿ ಆಯಿತಂತೆ. ಗಾಳಿಗೆ ಶಾಮಿಯಾನ ಒಂದು ಕಡೆ ಹರಿಯಿತಂತೆ. ನನ್ನನ್ನು ಕರೆದಿರಲಿಲ್ಲ. ಭವನ ನಿಂತೇ ಇದೆ. ಕಚೇರಿಯಲ್ಲಿ ಗುಮಾಸ್ತ ಕೇಳಿಸುವ ಹಾಗೆಯೇ ಹೇಳಿದ: ಬಿದ್ದಿದ್ದರೆ ಮೇಡಂ ಮರ್ಯಾದೆ ಉಳೀತಿತ್ತು.

ಅದು ಬೀಳಲಿ ಎಂದು ನಾನೂ ಒಂದು ಗಳಿಗೆ ಬಯಸಿದ್ದೆ. ಮೊನ್ನೆ, ಬಸ್ಸಿನಲ್ಲಿ. ಬರೆದಿಡಬೇಕು ಅನ್ನಿಸಿತು.

ಮಾರ್ಚ್ 17, ಸೋಮವಾರ

ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಟಪಾಲು ವಿಭಾಗಕ್ಕೆ ಕೊಟ್ಟೆ. ಆ ದಿನ ಚಾವಣಿಯ ಕಲೆ ನೋಡಿದ್ದೆ, ಏಣಿ ತರಿಸಲಾ ಎಂದು ಸಮಿತಿಯವರು ಕೇಳಿದ್ದರು, ಬೇಡ ಎಂದವಳು ನಾನು, ಇದನ್ನು ತನಿಖೆಯಲ್ಲಿ ಹೇಳಿರಲಿಲ್ಲ. ಟಪಾಲಿನವರು ಓದಿ, ಇದು ಮುಗಿದ ಕಡತ ಅಲ್ವಾ ಮೇಡಂ, ಯಾವ ವಿಷಯದ ಕೆಳಗೆ ದಾಖಲಿಸಲಿ ಎಂದರು. ಅವರೇ ಸ್ವಲ್ಪ ಯೋಚಿಸಿ 'ಇತರೆ' ಎಂದು ಬರೆದು ಮೊಹರು ಒತ್ತಿದರು.

ಸಾಹೇಬರು ಸಂಜೆ ಕರೆಸಿದರು. ಕೂರಿ ಎನ್ನಲಿಲ್ಲ.

"ನಿಮ್ಮನ್ನ ಉಳಿಸೋಕೆ ನಾನು ಎಷ್ಟು ಬಾಗಿಲು ತಟ್ಟಿದೀನಿ ಗೊತ್ತೇನಮ್ಮಾ?"

ಗೊತ್ತು ಸಾರ್ ಎಂದೆ. ಅವರಿಗೆ ಅವಮಾನವಾಗಿದೆ. ಅದು ನನಗೆ ಬೇಕಿರಲಿಲ್ಲ. ಕಾಗದ ವಾಪಸ್ ಪಡೆಯಲು ನಾಳೆ ಹನ್ನೊಂದರವರೆಗೆ ಸಮಯ ಕೊಟ್ಟರು.

ಮಾರ್ಚ್ 18, ಮಂಗಳವಾರ

ಹನ್ನೊಂದು ಗಂಟೆಗೆ ಟಪಾಲು ವಿಭಾಗದ ಮುಂದೆ ಬೆಂಚಿನ ಮೇಲೆ ಕೂತಿದ್ದೆ. ಹನ್ನೊಂದೂಕಾಲಿಗೆ ಎದ್ದು ನನ್ನ ಮೇಜಿಗೆ ಬಂದೆ.

ಮಾರ್ಚ್ 31, ಸೋಮವಾರ

ನಾಲೆ ಪಕ್ಕದ ಭವನದ ಅನುದಾನ ಬೇರೆ ಊರಿನ ಕಮಾನಿಗೆ ಹೋಯಿತು. ಬೀಮಿನ ಪಟ್ಟಿಗೆ ನನ್ನ ವರದಿ ಸೇರಿದೆ, ಸರದಿಯಲ್ಲಿ ಹತ್ತೊಂಬತ್ತನೆಯದು. ತುರ್ತು ನಿಧಿಯಲ್ಲಿ ಆಸರೆಗೆ ಕಬ್ಬಿಣದ ಕಂಬ ಕೊಡಬಹುದು ಎಂಬ ಒಂದು ಹಳೆಯ ಸುತ್ತೋಲೆ ಸಿಕ್ಕಿತ್ತು. ಅದನ್ನು ಹಿಡಿದು ಮೇಜಿನಿಂದ ಮೇಜಿಗೆ ಒಂಬತ್ತು ದಿನ ಓಡಾಡಿದೆ. ಇವತ್ತು ಕೊನೆಯ ಗಳಿಗೆಯಲ್ಲಿ ಸಾಹೇಬರು ಸಹಿ ಹಾಕಿದರು. ನನ್ನ ಮುಖ ನೋಡಲಿಲ್ಲ, ಆದರೆ ಆರು ಕಂಬ ಎಂದಿದ್ದನ್ನು ಹೊಡೆದು ಎಂಟು ಎಂದು ತಾವೇ ತಿದ್ದಿದರು.

ಏಪ್ರಿಲ್ 9, ಬುಧವಾರ

ಕಂಬಗಳನ್ನು ನಿಲ್ಲಿಸಲು ಮೊಹರು ಒಡೆದೆವು. ಮೇಸ್ತ್ರಿ ಹಲಗೆಗಳನ್ನೆಲ್ಲ ಬಿಚ್ಚಿಸಿ ಬೀಮನ್ನು ತಟ್ಟಿ ನೋಡಿದ. ಅಧ್ಯಕ್ಷರೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಬೀಳ್ತಿತ್ತಾ ಎಂದು ಮೇಸ್ತ್ರಿಯನ್ನು ಕೇಳಿದರು. ಹತ್ತು ದಿನಕ್ಕೆ ಬೀಳ್ತಿತ್ತೋ ಹತ್ತು ವರ್ಷ ನಿಲ್ತಿತ್ತೋ ಯಾರಿಗೆ ಗೊತ್ತು ಸ್ವಾಮಿ ಎಂದ ಮೇಸ್ತ್ರಿ. ಅಧ್ಯಕ್ಷರು ಬಹಳ ಹೊತ್ತು ತಲೆ ಎತ್ತಿ ಆ ಕಂಬಿಗಳನ್ನೇ ನೋಡಿದರು. ಆಮೇಲೆ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಅವರ ಮನೆಯಿಂದ ಎಲ್ಲರಿಗೂ ಮಜ್ಜಿಗೆ ಬಂತು. ನನಗೂ ಒಂದು ಲೋಟ ಇತ್ತು.

ಏಪ್ರಿಲ್ 16, ಬುಧವಾರ

ನೋಟಿಸ್ ಬಂದಿದೆ. ತನಿಖೆ ಮತ್ತೆ ತೆರೆಯುತ್ತಾರೆ. ಮುಗಿಯುವವರೆಗೆ ನನ್ನನ್ನು ದಾಖಲೆ ಕೋಣೆಗೆ ಹಾಕಿದ್ದಾರೆ. ಈ ಸಲ ಮೈಕ್‌ಸೆಟ್‌ನವನ ಮನೆಯವರ ಹೇಳಿಕೆಯನ್ನೂ ತೆಗೆದುಕೊಳ್ಳುತ್ತಾರೆ ಎಂದು ಬರೆದಿದೆ. ಆ ಸಾಲನ್ನು ಎರಡು ಸಲ ಓದಿದೆ.

ಲಾರಿಯಿಂದ ಇವರು ಮನೆಗೆ ಬಂದಿದ್ದರು. ನೋಟಿಸ್ ತೋರಿಸಿ ಎಲ್ಲ ಹೇಳಿದೆ, ಬಸ್ಸಿನ ಹಾರ್ನಿನವರೆಗೂ. ಕೆಲಸ ಹೋಗುತ್ತಾ ಎಂದರು. ಹೋಗಬಹುದು ಎಂದೆ. ಅವರು ನೋಟಿಸ್ ಮಡಿಸಿ ಕೊಟ್ಟು, ಲಾರಿಯಲ್ಲಿ ಕ್ಲೀನರ್ ಜಾಗ ಖಾಲಿ ಇದೆ, ಏಣಿ ಹತ್ತೋಕೆ ಬರೋರೇ ಬೇಕು ಎಂದರು. ಒಳಗಿನಿಂದ ಅತ್ತೆ ಯಾಕೆ ನಗ್ತಿದ್ದೀರಿ ಇಬ್ಬರೂ ಎಂದು ಕೇಳಿದರು.

ಏಪ್ರಿಲ್ 24, ಗುರುವಾರ

ದಾಖಲೆ ಕೋಣೆಯಿಂದ ಅರ್ಧ ದಿನ ರಜೆ ಕೇಳಿ ನಾಲೆ ಪಕ್ಕದ ಹಳ್ಳಿಗೆ ಹೋದೆ. ಕೆಲಸ ಏನೂ ಇರಲಿಲ್ಲ. ನನ್ನ ಬಟ್ಟೆಯೆಲ್ಲ ಹೆಗಲಿನಿಂದ ಜಾರುತ್ತದೆ ಎಂದು ಅತ್ತೆ ಮೂರು ಮೀಟರ್ ಹತ್ತಿಬಟ್ಟೆ ತಂದು ಕೊಟ್ಟಿದ್ದರು. ನಮ್ಮ ಮನೆಯ ಹತ್ತಿರದಲ್ಲೇ ಎರಡು ದರ್ಜಿ ಅಂಗಡಿ ಇವೆ.

ಜಗಲಿಯಲ್ಲಿ ಎಂಟು ಯಂತ್ರವೂ ಓಡುತ್ತಿದ್ದವು. ಟೈಲರಮ್ಮನಿಗೆ ತನಿಖೆಯ ಕಾಗದ ತಲುಪಿತ್ತು. ಬರುವ ತಿಂಗಳು ಹೋಗುತ್ತಾರಂತೆ. ಏನು ಹೇಳಬೇಕೋ ಇನ್ನೂ ಗೊತ್ತಿಲ್ಲ ಎಂದರು. ನಿಮಗೆ ಅನ್ನಿಸಿದ್ದನ್ನೇ ಹೇಳಿ, ನನ್ನನ್ನು ನೋಡಬೇಡಿ ಎಂದೆ. ಆಮೇಲೆ ಇನ್ನೂ ಒಂದು ಮಾತು ಹೇಳಬೇಕಿತ್ತು, ಅದು ಅರ್ಧಕ್ಕೇ ನಿಂತಿತು.

"ಕ್ಷಮಿಸೋದು ಬಿಡೋದು ನನಗೆ ಬರಲ್ಲ" ಎಂದರು ಅವರು. "ಅವನು ನನ್ನ ಕೈಯಲ್ಲಿ ಬೆಳೆದೋನು." ನನ್ನ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿ, ಅದೇನು ಎಂದರು.

ಬಟ್ಟೆ ಎಂದೆ. ಅಂಗಿಗೆ.

ಅವರು ಬಿಚ್ಚಿ ಎಳೆ ನೋಡಿದರು, ಬೆಳಕಿಗೆ ಹಿಡಿದರು. ಕುತ್ತಿಗೆಯಲ್ಲಿದ್ದ ಟೇಪು ತೆಗೆದರು. ನೆಟ್ಟಗೆ ನಿಲ್ಲಿ ಎಂದರು. ನಿಂತೆ. ಹೆಗಲು, ತೋಳು, ಎದೆ. ಅವರ ಬೆರಳು ತಣ್ಣಗಿದ್ದವು. ಪ್ರತಿ ಅಳತೆಯನ್ನೂ ಒಬ್ಬ ಹುಡುಗಿಗೆ ಹೇಳಿ ಬರೆಸಿದರು. ಕಣ್ಣಿಗೆ ಏನೋ ಬಿದ್ದ ಹಾಗಾಯಿತು, ಜಗಲಿಯಲ್ಲಿ ಬಟ್ಟೆಯ ಧೂಳು ಜಾಸ್ತಿ. ಕೈ ಎತ್ತಿಕೊಂಡಿದ್ದರಿಂದ ಒರೆಸಲು ಆಗಲಿಲ್ಲ. ಅವರು ಸುಮ್ಮನೆ ಟೇಪು ಹಿಡಿದು ಕಾದರು.

"ಜೇಬು ಇಡ್ಲಾ?"

ಎರಡು ಕಡೆಯೂ ಇಡಿ ಎಂದೆ. ಬಲಗಡೆಯದು ಆಳವಾಗಿರಲಿ, ಟಾರ್ಚ್ ಹಿಡಿಸುವಷ್ಟು.

ಭಾನುವಾರ ಬರಲು ಹೇಳಿದ್ದಾರೆ.